ಹಾಲಮ್ಮಕ್ಕನ ಬೇಡ

ನಮ್ಮ ಕಡೆ ಬಾಯಿಬಿಟ್ಟು "ಬೇಕು" ಅನ್ನುವ ಹೆಂಗಸನ್ನು ಮರ್ಯಾದಸ್ಥಳು ಅನ್ನುವುದಿಲ್ಲ. ನೆಂಟರ ಮನೆಯಲ್ಲಿ ಬಡಿಸಲು ಬಂದರೆ ಮೊದಲು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, "ಬೇಡ್ರೀ, ಸಾಕು" ಅನ್ನಬೇಕು. ಬಡಿಸುವವರು ಕೈ ಸರಿಸಿ ಹಾಕಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ತಾಯಿಹಾಲಿನ ಜೊತೆಗೇ ಬಂದಿರುತ್ತದೆ. ನನ್ನ ಗಂಡ ಕೊಟ್ರೇಶನಿಗೆ ಮಾತ್ರ ಬಂದಿರಲಿಲ್ಲ.

ಮದುವೆಯಾಗಿ ಶಿಕಾರಿಪುರದ ಈ ಮನೆಗೆ ಬಂದ ಹೊಸದರಲ್ಲಿ ಒಂದು ಹೋಳಿಗೆ ಊಟ. ಇವರೇ ಬಡಿಸಲು ಬಂದರು. ನಾನು ನಾಚಿಕೊಂಡು "ಬೇಡ" ಅಂದೆ. ಇವರು ಹೋಳಿಗೆ ಬುಟ್ಟಿ ಎತ್ತಿಕೊಂಡು ಮುಂದಿನ ಎಲೆಗೆ ಹೋದರು. ಹೋಳಿಗೆ ತಿನ್ನದೆ ಎದ್ದ ಹೊಸ ಸೊಸೆ ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಜ್ವರ ಬಂದು ಮಲಗಿದಾಗ "ನನಗೇನೂ ಆಗಿಲ್ಲ, ನೀವು ಅಂಗಡಿಗೆ ಹೋಗ್ರಿ" ಅಂದರೆ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ. ಕೊನೆಗೊಂದು ದಿನ ನಾಚಿಕೆ ಕಟ್ಟಿ ಅಟ್ಟಕ್ಕೆ ಎಸೆದೆ. "ರೀ, ನನಗೆ ಹಸಿರು ಸೀರೆ ಬೇಕು" ಅಂದೆ. ಸಂಜೆಗೆ ಹಸಿರು ಸೀರೆ ಬಂತು. ಓಣಿಯವರು ನನ್ನನ್ನು ಆಸೆಬುರುಕಿ ಅಂದರು. ಅನ್ನಲಿ, ಸೀರೆ ಉಟ್ಟವಳು ನಾನು.

ಇವರ ಅಕ್ಕ ಹಾಲಮ್ಮನಿಗೆ ಈ ಉಪಾಯ ಹೊಳೆಯಲಿಲ್ಲ. ಅವಳನ್ನು ಸೊರಬದ ಕಡೆ, ಜಡೆಗೆ ಕೊಟ್ಟಿದ್ದರು. ಪ್ರತಿ ವರ್ಷ ನಾಗರ ಪಂಚಮಿಗೆ ಇವರೇ ಹೋಗಿ ತವರಿಗೆ ಕರೆತರುತ್ತಿದ್ದರು. ನಮ್ಮತ್ತೆ ತೀರಿಕೊಂಡ ವರ್ಷವೂ ಹೋದರು. ಹಾಲಮ್ಮಕ್ಕ, ಹೆಂಗಸರೆಲ್ಲ ಅನ್ನುವ ಹಾಗೆ, "ಅವ್ವ ಇಲ್ಲದ ಮನೆಗೆ ಏನಂತ ಬರೋದು, ಬೇಡ ಬಿಡೋ" ಅಂದಳು. ಇವರು ಕಾಫಿ ಕುಡಿದು, "ಸರಿ" ಅಂದು, ಬಂದ ಬಸ್ಸು ತಿರುಗಿ ಹೊರಡುವ ಮೊದಲೇ ಅದನ್ನು ಹತ್ತಿದರು. ಬಾಗಿಲ ಹಿಂದೆ ಅವಳ ಬ್ಯಾಗು ತುಂಬಿ ರೆಡಿಯಾಗಿತ್ತಂತೆ. ಹೊಸ ಬಳೆಯನ್ನೂ ತೊಟ್ಟಿದ್ದಳಂತೆ. ಅವಳ ವಾರಗಿತ್ತಿ ಆಮೇಲೆ ನನಗೆ ಹೇಳಿದಳು.

ಅದನ್ನು ಕೇಳಿದ ಕೂಡಲೇ ನಾನು ಇವರಿಗೆ ಹೇಳಿದೆ.

"ಬೇಡ ಅಂದ್ಲಲ್ಲ" ಅಂದರು.

"ಬೇಡ ಅಂದ್ರೆ ಕೈ ಹಿಡಿದು ಕರೀಬೇಕು ಕಣ್ರೀ."

"ಕರಿಯಾಕೇ ಹೋಗಿದ್ದೆ. ಬೇಡ ಅಂದ್ಲು."

ಗೋಡೆಗೆ ಹಣೆ ಚಚ್ಚಿಕೊಂಡರೆ ಹಣೆಗೇ ನೋವು. ಹಾಲಮ್ಮಕ್ಕ ಆಮೇಲೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. "ಅವ್ವ ಹೋದ್ಲು, ತವರು ಹೋಯ್ತು. ಸೊಕ್ಕಿನ ತಮ್ಮ" ಎಂದು ಮದುವೆ ಮುಂಜಿಗಳಲ್ಲಿ ಕಂಡವರ ಮುಂದೆಲ್ಲ ಹೇಳಿದಳು. ನಾನು ಫೋನು ಮಾಡಿದರೆ ಮಾತಾಡುವಳು, ಇವರ ಕೈಗೆ ಕೊಡುತ್ತೇನೆ ಅಂದರೆ ಇಟ್ಟುಬಿಡುವಳು. ಇವರು ಪ್ರತಿ ಪಂಚಮಿಗೂ ಜೋಕಾಲಿಯ ಹಗ್ಗ ಕಟ್ಟಿ, ಅದರಲ್ಲಿ ಯಾರೂ ಕೂರದೆ ಇರುವುದನ್ನು ನೋಡುತ್ತ ನಿಲ್ಲುತ್ತಿದ್ದರು.

ಕಳೆದ ವರ್ಷ ರಸ್ತೆ ಅಗಲ ಮಾಡಿದರು. ನಮ್ಮ ಹಗ್ಗ, ತಾಡಪಾಲಿನ ಅಂಗಡಿಯನ್ನು ಬೇರೆ ಕಡೆಗೆ ಎತ್ತಿಡಬೇಕಾಯಿತು. ಅಷ್ಟಕ್ಕೇ ಇವರು ಕುಸಿದುಹೋದರು. ಹೊಸ ಅಂಗಡಿಯ ಟ್ಯೂಬ್‌ಲೈಟಿನ ಗುಂಯ್ ಸದ್ದು ತಡೆಯಲಾಗದು ಎಂದು ಕಿವಿ ಮುಚ್ಚಿ ಕೂತರು, ಅನ್ನ ಬಿಟ್ಟರು, ಮಾತು ಬಿಟ್ಟರು. ಮಗಳು ರಕ್ಷಿತಾ ಶಿವಮೊಗ್ಗದಲ್ಲಿ ಟೀಚರು. ಅವಳೇ ಅಲ್ಲಿಯ ಮನೋವೈದ್ಯರಿಗೆ ತೋರಿಸಿದಳು. ನನ್ನ ಮಗಳ ವಯಸ್ಸಿನ ಡಾಕ್ಟರು. ಹಲವು ಸಲ ಕರೆಸಿದರು, ಬಾಲ್ಯದ್ದೆಲ್ಲ ಕೇಳಿದರು, ನನ್ನನ್ನೂ ಕೇಳಿದರು. ಕೊನೆಗೆ ಅದಕ್ಕೊಂದು ಹೆಸರು ಹೇಳಿದರು. ಆಟಿಸಂ.

"ಅದು ಸಣ್ಣ ಮಕ್ಕಳಿಗೆ ಬರೋದಲ್ವೇನ್ರಿ? ಇವರಿಗೆ ಅರವತ್ತು ಆಗ್ತಾ ಬಂತು" ಅಂದೆ.

"ಸಣ್ಣವರಿದ್ದಾಗಿಂದಲೂ ಇತ್ತಮ್ಮ. ಆಗ ಗುರುತಿಸೋರು ಇರಲಿಲ್ಲ. ಇದು ರೋಗ ಅಲ್ಲ, ಅವರ ಮನಸ್ಸು ಕೆಲಸ ಮಾಡೋ ರೀತಿನೇ ಬೇರೆ. ಬಾಯಲ್ಲಿ ಬಂದ ಮಾತು ಕೇಳಿಸುತ್ತೆ, ಅದರ ಹಿಂದಿರೋದು ಕೇಳಿಸಲ್ಲ."

ಇವರು ಮೇಜಿನ ಅಂಚು ಸವರುತ್ತ ಕೂತಿದ್ದರು. ಆಮೇಲೆ ಕೇಳಿದರು, "ಹಂಗಾದ್ರೆ ನನಗೆ ಸೊಕ್ಕಿರಲಿಲ್ಲ?"

"ಇಲ್ಲ."

"ಇದನ್ನ ಅಕ್ಕನಿಗೆ ಹೇಳ್ಬೇಕು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಒಂದು ಜನ್ಮ ಪೂರ್ತಿ ಬೈಸಿಕೊಂಡಾದ ಮೇಲೆ ಒಂದು ಹೆಸರು ಬಂದಿತ್ತು. ಇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದು ನಾನು ಅತ್ತ ರಾತ್ರಿಗಳನ್ನು ಯಾರು ವಾಪಸ್ಸು ಕೊಡುತ್ತಾರೆ? ಡಾಕ್ಟರು ಪಾಪ ಒಳ್ಳೆಯವರು. ಮನೆಯವರು ಇವರೊಡನೆ ನೇರವಾಗಿ ಮಾತಾಡಬೇಕು ಅಂದರು. ಇವರಿಗೆ, "ನಮ್ಮ ಜನ ಬೇಕಿದ್ದಾಗಲೂ ಬೇಡ ಅಂತಾರೆ. ಅನುಮಾನ ಬಂದರೆ ಇನ್ನೊಂದು ಸಲ ಕೇಳಿ" ಅಂದರು.

ದಾರಿಯುದ್ದಕ್ಕೂ ಇವರು ಕಿಟಕಿಯ ಕಡೆ ನೋಡುತ್ತಿದ್ದರು. ಊರು ಹತ್ತಿರವಾದಾಗ, "ಅವತ್ತು ಅಕ್ಕ ಬೇಡ ಅಂದಿದ್ದು ಬೇಕು ಅಂತಲಾ?" ಎಂದು ಕೇಳಿದರು. ಹೌದು ಅಂದೆ. ಬಸ್ಸಿನಲ್ಲಿ ಎಲ್ಲರೆದುರು ಅತ್ತರು. ಇವರು ಅತ್ತಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಈ ಪಂಚಮಿಗೆ ಅಕ್ಕನನ್ನು ಕರೆದುಕೊಂಡೇ ಬರುತ್ತೇನೆ ಅಂದರು.

ಅಷ್ಟರಲ್ಲಿ ಜಡೆಯಿಂದ ಹಾಲಮ್ಮಕ್ಕನ ಮಗ ಸಂಗಮೇಶನ ಫೋನು ಬಂತು. ಅವ್ವನಿಗೆ ಹೊಟ್ಟೆಯ ಕ್ಯಾನ್ಸರು, ಇನ್ನು ಮಾಡುವಂಥದ್ದು ಏನೂ ಇಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ, ಬಂದು ನೋಡಿ ಅಂದ. ಕಾರು ಮಾಡಿಕೊಂಡು ಶಿರಾಳಕೊಪ್ಪ, ಆನವಟ್ಟಿ ಹಾದು ಹೋದೆವು.

ಮೈಕೈ ತುಂಬಿಕೊಂಡಿದ್ದ ಹೆಂಗಸು, ಮಂಚದ ಮೇಲೆ ಹಿಡಿಯಷ್ಟಾಗಿ ಮಲಗಿದ್ದಳು. ತಮ್ಮನನ್ನು ಕಂಡು ಮುಖ ತಿರುಗಿಸಿಕೊಂಡಳು. ಇವರು ಬಾಗಿಲಲ್ಲೇ ನಿಂತು, "ಅಕ್ಕಾ, ನನಗೆ ಸೊಕ್ಕಿಲ್ಲ" ಅಂದರು. ಉಳಿದದ್ದನ್ನು ನಾನೇ ಹೇಳಬೇಕಾಯಿತು. ಆಟಿಸಂ ಎಂಬ ಶಬ್ದ ನನ್ನ ನಾಲಿಗೆಯಲ್ಲಿ ಇವತ್ತಿಗೂ ಸರಿಯಾಗಿ ಹೊರಳದು. "ಇವರಿಗೆ ಮಾತಿನ ಹಿಂದಿನ ಮಾತು ಕೇಳ್ಸಲ್ಲ ಹಾಲಮ್ಮಕ್ಕ. ಹುಟ್ಟಿದಾಗಿಂದ ಹಂಗೇ ಅಂತೆ. ಬೇಡ ಅಂದ್ರೆ ಬೇಡ ಅಂತಲೇ ತಿಳ್ಕಂತಾರೆ."

ಹಾಲಮ್ಮಕ್ಕ ನಿಧಾನಕ್ಕೆ ಈ ಕಡೆ ತಿರುಗಿದಳು.

"ಸಣ್ಣವನಿದ್ದಾಗ ಆಟಕ್ಕೆ ಕಣಜದ ಹಿಂದೆ ಕೂರ್ಸಿ, ಇಲ್ಲೇ ಇರು ಬರ್ತೀನಿ ಅಂದು ನಾನು ಮರ್ತೇ ಹೋಗಿದ್ದೆ. ಸಂಜೆ ತನಕ ಅಲ್ಲೇ ಕೂತಿದ್ದ ಮಾರಾಯ್ತಿ. ಊರೆಲ್ಲ ಹುಡುಕಿದ್ವಿ. ಕೂಗಿದ್ದು ಕೇಳ್ಲಿಲ್ವೇನೋ ಅಂದ್ರೆ, ಇಲ್ಲೇ ಇರು ಅಂದಿದ್ದೆಯಲ್ಲ ಅಂದ." ನಕ್ಕಳು. ನಗು ಹಾಗೇ ಅಳುವಾಯಿತು. "ನಾನು ಇಷ್ಟು ವರ್ಷ ಮುನಿಸ್ಕಂಡಿದ್ದು ಇವನಿಗೆ ಮುಟ್ಟೇ ಇಲ್ಲ ಅಂತಾಯ್ತು."

ಇವರು ಮಂಚದ ಹತ್ತಿರ ಬಂದರು. "ಅಕ್ಕಾ, ಪಂಚಮಿಗೆ ಬಾ."

"ಬೇಡ ಕಣೋ."

"ಬಾ ಅಕ್ಕಾ."

ಹಾಲಮ್ಮಕ್ಕನ ಮುಖದಲ್ಲಿ ಒಂದು ಬೆಳಕು ಕಂಡಿತು. ಒತ್ತಾಯ ಮಾಡಿಸಿಕೊಳ್ಳುವ ಸುಖ ಅದು. "ಬೇಡ ಬಿಡು, ಈ ಮೈ ಹೊತ್ಕಂಡು ಎಲ್ಲಿಗೆ ಬರ್ಲಿ" ಅಂದಳು.

"ಕಾರಿನ ಹಿಂದಿನ ಸೀಟಿಗೆ ಹಾಸಿಗೆ ಹಾಕಿಸ್ತೀನಿ. ಬಾ."

"ಬೇಡ."

"ತೊಗರ್ಸಿ ಕ್ರಾಸಿನಲ್ಲಿ ನಿಲ್ಲಿಸಿ ಎಳನೀರು ಕುಡಿಸ್ತೀನಿ. ಬಾ."

ಬೆಳಕು ಆರಿತು. ಅವಳು ನೋವಿಗೆ ಹಲ್ಲು ಕಚ್ಚಿದಳು. ಇವರು ನಿಲ್ಲಿಸಲಿಲ್ಲ. ಅದೇ ದನಿ, ಅದೇ ಮಾತು, ಬಾ ಅಕ್ಕಾ, ಬಾ ಅಕ್ಕಾ. ಅವಳು ಕಣ್ಣು ಮುಚ್ಚಿ "ಬೇಡಪ್ಪಾ, ಬೇಡ" ಅನ್ನುತ್ತಲೇ ಇದ್ದಳು. ಇವರು ಬಗ್ಗಿ ಅವಳ ಬೆನ್ನಿನ ಕೆಳಗೆ ಕೈ ಹಾಕಿದರು, ಎತ್ತಿಕೊಂಡೇ ಹೋಗುವವರ ಹಾಗೆ. ಅವಳು ನರಳಿದಳು. ಸಂಗಮೇಶ ಓಡಿಬಂದು ಇವರ ಭುಜ ಹಿಡಿದ. "ಮಾವಾ, ಬಿಡ್ರಿ, ನೋಯುತ್ತೆ ಅವ್ವಂಗೆ."

ಇವರು ಕೈ ತೆಗೆದು ನನ್ನ ಕಡೆ ತಿರುಗಿದರು. ಮುಖವೆಲ್ಲ ಬೆವರು.

"ಇದು ಯಾವ ಬೇಡ?" ಎಂದು ಕೇಳಿದರು.

ನನಗೆ ಗೊತ್ತಿತ್ತು. ಅಷ್ಟು ವರ್ಷ ಈ ಮನುಷ್ಯ ನಂಬಿ ಬದುಕಿದ್ದು ಒಂದೇ ಒಂದನ್ನು, ಬೇಡ ಅಂದರೆ ಬೇಡ. ಅದನ್ನೂ ನಾವೆಲ್ಲ ಸೇರಿ ಕಿತ್ತುಕೊಂಡಿದ್ದೆವು. ಈಗ ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಹಾಲಮ್ಮಕ್ಕ ಕಣ್ಣು ಬಿಟ್ಟಳು. "ಬಾ ಇಲ್ಲಿ, ಕೊಟ್ರ" ಅಂದಳು. ಇವರು ಮಂಚದ ಪಕ್ಕ ನೆಲದ ಮೇಲೆ ಕೂತರು.

"ನಂಗೆ ಬರ್ಬೇಕು ಕಣೋ" ಅಂದಳು. ಆ ಹೆಂಗಸಿನ ಬಾಯಲ್ಲಿ ನಾನು ಆ ಶಬ್ದ ಕೇಳಿರಲಿಲ್ಲ. ಎತ್ತಲಾಗದ್ದನ್ನು ಎತ್ತುವವಳ ಹಾಗೆ ಏದುಸಿರು ಬಿಡುತ್ತಿದ್ದಳು. "ಅವತ್ತೂ ಬರ್ಬೇಕು ಅಂತಿತ್ತು. ಇವತ್ತೂ ಐತೆ. ಈಗ ಆಗಲ್ಲ, ಮೈ ಕೇಳಲ್ಲ. ತಿಳೀತಾ?"

"ತಿಳೀತು" ಅಂದರು ಇವರು. "ಅವತ್ತೇ ಹಿಂಗೆ ಹೇಳಿದ್ರೆ ಕರ್ಕಂಡು ಹೋಗ್ತಿದ್ನಲ್ಲ ಅಕ್ಕಾ" ಅಂದರು.

ಆ ಮಾತಿನಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು, ಅಷ್ಟೆ. ಹಾಲಮ್ಮಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಇವರು ಅವಳ ಕಾಲಿನ ಮೇಲಿಂದ ಜಾರಿದ್ದ ಹೊದಿಕೆಯನ್ನು ಸರಿಮಾಡಿದರು.