ಬೇವಿನ ಮರದ ಜಾತಿ

ವರ್ತೂರು ಕೆರೆಯ ನಾತ ಈ ಕಡೆ ಬೀಸದ ದಿನ ಅಪಾರ್ಟ್‌ಮೆಂಟಿನ ತೋಟ ಸೊಗಸಾಗಿರುತ್ತಿತ್ತು. ಸರ್ಕಾರಿ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಆಮ್ಲ, ಕ್ಷಾರ ಅಳೆದು ನಿವೃತ್ತರಾದ ದ್ವಾರಕಾನಾಥರು ಅಲ್ಲಿನ ಒಂದೊಂದು ಮರಕ್ಕೂ ಫಲಕ ಕಟ್ಟಿಸಿದರು. ಹೆಸರು, ಕುಟುಂಬ, ಜಾತಿ, ಪ್ರಭೇದ, ಎಲ್ಲವೂ ಕನ್ನಡದಲ್ಲೇ.

ತೋಟದ ಕೆಲಸದ ಮಲಕವ್ವ, ಯಾದಗಿರಿ ಕಡೆಯವಳು, ಬೇವಿನ ಫಲಕವನ್ನು ಅಕ್ಷರ ಕೂಡಿಸಿ ಓದಿ ನೀರಿನ ಪೈಪು ಕೆಳಗಿಟ್ಟಳು.

“ಸಾಹೇಬ್ರ, ಗಿಡಕ್ಕೂ ಜಾತಿ ಐತೇನ್ರಿ?”

“ಅದು ಆ ಜಾತಿ ಅಲ್ಲಮ್ಮ, ವಿಜ್ಞಾನದ ಪದ. ತೀರಾ ಹತ್ತಿರದ ಪ್ರಭೇದಗಳ ಗುಂಪು ಅಂದ್ರೆ ಜಾತಿ. ಹತ್ತಿರದ ಜಾತಿಗಳೆಲ್ಲ ಸೇರಿದ್ರೆ ಕುಟುಂಬ. ನೋಡು, ಈ ಬೇವು, ಆ ಹೆಬ್ಬೇವು ಎರಡೂ ಒಂದೇ ಕುಟುಂಬ. ಜಾತಿ ಮಾತ್ರ ಬೇರೆ.”

ಮಲಕವ್ವ ಎರಡೂ ಮರಗಳನ್ನು ನೋಡಿದಳು. “ಬ್ಯಾರೆ ಜಾತ್ಯಾಂವನ್ನ ಲಗ್ನ ಆದೆ ಅಂತ ನನ್ನ ಊರ ಬಿಡಿಸಿದ್ರು. ಇವು ಒಂದ ಕುಟುಂಬದಾಗ ಎರಡು ಜಾತಿ ಇಟ್ಕೊಂಡು ಆರಾಮ ನಿಂತಾವಲ್ರಿ!”

ಬೆಂಚಿನ ಮೇಲೆ ಸೊಪ್ಪು ಬಿಡಿಸುತ್ತಿದ್ದ ದ್ವಾರಕಾನಾಥರ ಹೆಂಡತಿ ಅಮ್ಮಣ್ಣಿ ಪಕ್ಕನೆ ನಕ್ಕರು.

“ಕೇಳಿಸ್ತೇನ್ರೀ? ಮಗಳು ವಿಷ್ಣೂನ ಮದುವೆ ಆಗ್ತೀನಿ ಅಂದಾಗ, ಜಾತಿ ಬೇರೆ ಆದ್ರೆ ಕುಟುಂಬ ಉಳಿಯಲ್ಲ ಅಂತ ಕೂಗಾಡಿದ್ರಿ. ಈಗ ನೀವೇ ಬರೆದು ಮರಕ್ಕೆ ನೇತು ಹಾಕಿದ್ದೀರ!”

ಸಂಜೆ ನಿವಾಸಿಗಳ ಸಂಘದ ಶ್ರೀಧರ್ ಬಂದ. “ಸಾರ್, ದಯವಿಟ್ಟು ಆ ಜಾತಿ ಸಾಲು ಅಳಿಸಿಬಿಡಿ. ಬಿ ಬ್ಲಾಕಿನವರು ಅವ್ರ ಮನೆ ಮುಂದಿನ ಮರ ಮೇಲ್ಜಾತಿನಾ ಅಂತ ಕೇಳ್ತಿದ್ದಾರೆ.”

“ಮೂರ್ಖರು!” ಎಂದರು ದ್ವಾರಕಾನಾಥರು.

“ಯಾರು?” ಎಂದರು ಅಮ್ಮಣ್ಣಿ.

ದ್ವಾರಕಾನಾಥರು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ಒಳಗೊಳಗೇ ನಾಚಿಕೆಯಾಗಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಬೇವಿನ ಕಷಾಯ ಕುಡಿಯುವುದು ಸುಲಭ. ಮೂರನೆಯ ದಿನ ಮಗಳು ಶರಣ್ಯಳಿಗೆ ಫೋನು ಮಾಡಿದರು.

“ಭಾನುವಾರ ಆ ಹುಡುಗನ್ನ ಊಟಕ್ಕೆ ಕರ್ಕೊಂಡು ಬಾ. ಜಾತಿ ಕೇಳಲ್ಲ.”

“ಮತ್ತೇನು ಕೇಳ್ತೀರಪ್ಪ?”

“ಪ್ರಭೇದ. ಮನುಷ್ಯ ತಾನೆ?”

ವಿಷ್ಣು ಬಂದ. ಹುಣಸೆಹಣ್ಣಿನ ಆಮ್ಲದ ಮೇಲೆ ಮುಕ್ಕಾಲು ಗಂಟೆ ಪಾಠ ಕೇಳಿಸಿಕೊಂಡ, ಒಮ್ಮೆಯೂ ಆಕಳಿಸಲಿಲ್ಲ. ಹುಳಿಯನ್ನು ಮೂರು ಸಲ ಹಾಕಿಸಿಕೊಂಡ. ಅವನು ಹೋದ ಮೇಲೆ ದ್ವಾರಕಾನಾಥರು ಗಂಭೀರವಾಗಿ ಹೇಳಿದರು:

“ಹುಡುಗ ಸ್ಥಿರ ಸಂಯುಕ್ತ.”

“ಹಾಗಂದ್ರೆ?”

“ಸುಲಭಕ್ಕೆ ಒಡೆಯಲ್ಲ ಅಂತ ಕಣೇ. ಛತ್ರ ನೋಡು.”