ಹೊಸೆದ ತಂತಿ

ನಂಬರ್ ಪ್ಲೇಟು ಓದಿದ ಮೇಲೂ ಬಸವರಾಜ್ ಆ ಕಾರು ಹತ್ತಿದ. ಹತ್ತದೆ ಏನು ಮಾಡುವುದು? ಬೀಗರಾಗಲಿರುವ ಚನ್ನವೀರಯ್ಯನವರು ತುಮಕೂರಿನ ಸದಾಶಿವನಗರದ ತಮ್ಮ ಮನೆಯ ಮುಂದೆ ಕಾರಿನ ಹಿಂಬಾಗಿಲನ್ನು ತಾವೇ ತೆರೆದು ಹಿಡಿದು ನಿಂತಿದ್ದರು. ಮೈಮೇಲೆ ಬಿಳಿ ಜುಬ್ಬ, ಹಣೆಯ ಮೇಲೆ ಮೂರೆಳೆ ವಿಭೂತಿ, ಮುಖದ ತುಂಬ ಗಾಡಿಯ ಹೆಮ್ಮೆ.

“ಹತ್ತಿ ಬೀಗ್ರೇ, ನಿಂತ್ಕೊಂಡು ಏನ್ ನೋಡ್ತೀರಾ? ಹನ್ನೊಂದಕ್ಕೆ ಗುರುಗಳು ಮೌನಕ್ಕೆ ಕೂತ್ಬಿಡ್ತಾರೆ. ಆಮೇಲೆ ಮುಂದಿನ ಸೋಮವಾರದವರೆಗೂ ಬಾಯಿ ಬಿಡಲ್ಲ.”

ಬಸವರಾಜ್ ಕೂತ. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಹೊರಗಿನ ಸದ್ದೆಲ್ಲ ಒಮ್ಮೆಗೇ ನಿಂತುಹೋಯಿತು.

“ಅದು ಒಳಗಿಂದ ತೆಗೆಯಕ್ಕೆ ಬರಲ್ಲ ಅಂಕಲ್,” ಎಂದಳು ಪಕ್ಕದಲ್ಲಿದ್ದ ಮಾಲಿನಿ. ಅವಳು ಚನ್ನವೀರಯ್ಯನವರ ಮಗಳು, ಏಳು ತಿಂಗಳ ಬಸುರಿ. “ನನ್ ಮಗ ಓಡೋ ಗಾಡೀಲಿ ಬಾಗ್ಲು ಎಳೀತಾನೆ ಅಂತ ಅಪ್ಪ ಲಾಕ್ ಹಾಕ್ಸವ್ರೆ. ಇಳೀಬೇಕು ಅಂದ್ರೆ ಹೊರಗಿಂದ ಯಾರಾದ್ರೂ ತೆಗೀಬೇಕು.”

ಮುಂದಿನ ಸೀಟಿನಲ್ಲಿ ಹಣ್ಣುಕಾಯಿಯ ತಟ್ಟೆ ಹಿಡಿದಿದ್ದ ಚನ್ನವೀರಯ್ಯನವರ ಹೆಂಡತಿ ಉಮಾಮಹೇಶ್ವರಿಯವರು ತಿರುಗಿ ನಕ್ಕರು. “ಇಳಿಯೋ ಮಾತೇ ಇಲ್ಲ ಬುಡಿ. ನಮ್ ತವರಿನ ಪದ್ಧತಿ ಇದು. ಮದುವೆ ದಿನ ಕೇಳಕ್ಕೆ ಹೊರಟ್ರೆ ಎರಡೂ ಮನೆಯವರು ಒಂದೇ ಗಾಡೀಲಿ ಹೋಗ್ಬೇಕು. ಮಠ ಮುಟ್ಟೋವರೆಗೂ ನಿಲ್ಲಿಸಬಾರ್ದು, ಕೆಟ್ಟ ಮಾತು ಆಡಬಾರ್ದು.”

ಚನ್ನವೀರಯ್ಯನವರೇ ಕಾರು ಹೊರಡಿಸಿದರು. ಬಸವರಾಜ್ ಅಂಗಿಯೊಳಗೆ ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಬೆರಳಿನಿಂದ ಮುಟ್ಟಿಕೊಂಡ.

ಐದು ತಿಂಗಳ ಹಿಂದೆ ಇದೇ ಕಾರು ಗುಬ್ಬಿಯ ಅವನ ಗ್ಯಾರೇಜಿಗೆ ಬಂದಿತ್ತು. ತಂದವನು ರವೀಶ್, ಹಳೆಯ ಕಾರು ಕೊಂಡು ಮಾರುವವನು. ಮೀಟರಿನ ಪಕ್ಕ ಬ್ರೇಕಿನ ಹಳದಿ ಲೈಟು ಉರಿಯುತ್ತಿತ್ತು. ಇಂಥ ಗಾಡಿಗಳಲ್ಲಿ ಬ್ರೇಕ್ ಪ್ಯಾಡಿನೊಳಗೆ ಸಣ್ಣದೊಂದು ತಂತಿ ಹುದುಗಿರುತ್ತದೆ. ಪ್ಯಾಡು ಸವೆದು ಸವೆದು, ತಿರುಗುವ ಡಿಸ್ಕು ಆ ತಂತಿಯನ್ನು ಉಜ್ಜಿ ಕಡಿದಾಗ ಲೈಟು ಹತ್ತುತ್ತದೆ. ಇನ್ನು ಸ್ವಲ್ಪವೇ ಉಳಿದಿದೆ, ಬದಲಾಯಿಸು ಎಂಬ ಎಚ್ಚರಿಕೆ ಅದು. “ಪ್ಯಾಡ್ ಗೀಡ್ ಏನೂ ಬೇಡ ಕಣೋ ಬಸ್ವ,” ಎಂದಿದ್ದ ರವೀಶ್. “ಸಾಯಂಕಾಲ ಪಾರ್ಟಿ ಬರ್ತಾವ್ರೆ. ಲೈಟ್ ಒಂದು ಆರಿಸ್ಕೊಡು.” ಬಸವರಾಜ್ ಸೆನ್ಸರಿನ ತಂತಿ ಕತ್ತರಿಸಿ, ಎರಡು ತುದಿಗಳನ್ನು ಸೇರಿಸಿ ಹೊಸೆದು, ಮೇಲೆ ಟೇಪು ಸುತ್ತಿ ಒಳಗೆ ಅವಿಸಿಟ್ಟಿದ್ದ. ಲೈಟು ಆರಿತು. ಇನ್ನು ಪ್ಯಾಡು ಪೂರಾ ತೇದು ಹೋದರೂ ಅದು ಹತ್ತುವುದಿಲ್ಲ. ಕೊಂಡವರು ಒಂದು ಸಲ ಎಲ್ಲಾದರೂ ತೋರಿಸಿಯೇ ತೋರಿಸುತ್ತಾರೆ ಎಂದುಕೊಂಡು ಕೈ ತೊಳೆದುಕೊಂಡಿದ್ದ.

ಆ ಕೊಂಡವರು ಯಾರೆಂದು ಅವನಿಗೆ ಈಗ ಗೊತ್ತಾಗಿತ್ತು. ಹೆಣ್ಣು ನೋಡಲು ಬಂದಾಗ ಇವರು ಮದುವೆಗಂಡಾದ ಮಗ ಚನ್ನೇಶನ ಸಣ್ಣ ಕಾರಿನಲ್ಲಿ ಬಂದಿದ್ದರು. ಚನ್ನೇಶ್ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿದ್ದ. ಇವತ್ತೂ ಡ್ಯೂಟಿ ಎಂದು ಬಂದಿರಲಿಲ್ಲ. ಬಸವರಾಜನ ತಾಯಿ ಇಲ್ಲದ ಮಗಳು ದೀಪಿಕಾಳಿಗೆ ಇದು ಮೂರನೆಯ ಸಂಬಂಧ. ಮೊದಲೆರಡು ಕಡೆಯವರು ‘ಮೆಕ್ಯಾನಿಕ್ ಮಗಳು’ ಎಂಬಲ್ಲಿಗೇ ಎದ್ದು ಹೋಗಿದ್ದರು. ಚನ್ನವೀರಯ್ಯನವರು ಮಾತ್ರ, ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು, ಬಸವರಾಜನ ಗ್ರೀಸು ಹತ್ತಿದ ಉಗುರುಗಳನ್ನು ನೋಡಿ, “ಯಾವ ಕಾಯಕ ಆದ್ರೇನು? ಶುದ್ಧವಾಗಿದ್ರೆ ಸಾಕು,” ಎಂದಿದ್ದರು. ಅವತ್ತು ಆ ಮಾತು ಕೇಳಿ ಬಸವರಾಜ್ ಒಳಗೆ ಹೋಗಿ ಕಣ್ಣೊರೆಸಿಕೊಂಡಿದ್ದ.

ಗೂಳೂರು ದಾಟುವ ಮೊದಲೇ ಅವನಿಗೆ ಕೇಳಿಸಿತು. ರೋಡ್ ಹಂಪಿಗೆ ಬ್ರೇಕ್ ಒತ್ತಿದಾಗ ಎಡಗಡೆಯ ಮುಂದಿನ ಚಕ್ರದಿಂದ ಬಂದ ಸದ್ದು. ಕಬ್ಬಿಣ ಕಬ್ಬಿಣವನ್ನು ಉಜ್ಜುವ ಸದ್ದು. ಹಂಪು ಕಳೆದರೆ ಸದ್ದಿಲ್ಲ. ಪೆಡಲಿಗೆ ಕಾಲಿಟ್ಟ ಕೂಡಲೆ ಗರ್ರ್. ಪ್ಯಾಡು ಮುಗಿದಿದೆ. ತಗಡೇ ಡಿಸ್ಕಿಗೆ ಹತ್ತುತ್ತಿದೆ.

“ಅಪ್ಪಾ, ಏನೋ ಗರಗರ ಅನ್ನತ್ತೆ,” ಎಂದಳು ಮಾಲಿನಿ.

“ಕಲ್ಲು ಸಿಕ್ಕಿರತ್ತೆ ಕಣಮ್ಮ.”

“ವಾರದಿಂದ ಅಂತಿದೆ. ಅದೆಂಥ ಕಲ್ಲು, ಬಾಡಿಗೆ ಕೊಟ್ಕೊಂಡು ಕೂತಿದ್ಯಾ?”

“ಇದು ಮಾತಾಡೋ ಗಾಡಿ ಕಣೇ. ಏನಾದ್ರೂ ತೊಂದ್ರೆ ಇದ್ರೆ ಅದೇ ಲೈಟ್ ಹಾಕಿ ಹೇಳತ್ತೆ. ನೋಡು, ಒಂದು ಲೈಟಾದ್ರೂ ಉರೀತಿದ್ಯಾ?” ಚನ್ನವೀರಯ್ಯನವರು ಕನ್ನಡಿಯಲ್ಲಿ ಬಸವರಾಜನ ಕಣ್ಣು ಹುಡುಕಿದರು. “ನೀವೇ ಹೇಳ್ಬಿಡಿ ಬೀಗ್ರೇ, ಕಾರಲ್ಲೇ ಎಕ್ಸ್‌ಪರ್ಟ್ ಕೂತವ್ರೆ. ಏನ್ ಸದ್ದು ಅದು?”

ಮೂವರೂ ಕಾದರು. ನಿಜ ಹೇಳಿದರೆ ಲೈಟು ಯಾಕೆ ಹತ್ತಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಬಸವರಾಜನ ಹತ್ತು ಬೆರಳುಗಳಲ್ಲೇ ಇತ್ತು.

“ಧೂಳು ಕೂತಿರಬೋದು,” ಎಂದ.

“ಕೇಳಿಸ್ತಾ?” ಎಂದು ಚನ್ನವೀರಯ್ಯನವರು ಮಗಳಿಗೆ ಹೇಳಿ, ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರು.

ಹೆಬ್ಬೂರಿನವರೆಗೂ ಬಸವರಾಜ್ ಎಣಿಸುತ್ತಲೇ ಇದ್ದ: ಒಂದೊಂದು ಹಂಪು, ಒಂದೊಂದು ತಿರುವು, ಮುಂದೆ ಹೋಗುವ ಒಂದೊಂದು ಲಾರಿಯ ಹಿಂಭಾಗ. ಅವರು ಬ್ರೇಕ್ ಒತ್ತುವ ಮೊದಲೇ ಅವನ ಬಲಗಾಲು ಕೆಳಗಿನ ಚಾಪೆಯನ್ನು ಒತ್ತುತ್ತಿತ್ತು. ಕುಣಿಗಲ್ ದಾಟಿ ಮಾರ್ಕೋನಹಳ್ಳಿಯ ಕಡೆ ತಿರುಗಿದರೆ ಮಠದ ಮುಂಚೆ ಒಂದು ಇಳಿಜಾರು, ಕೆಳಗೆ ಕಾಲುವೆ. ಅದು ನೆನಪಾದ ಮೇಲೆ ಏಸಿಯ ತಣ್ಣನೆ ಗಾಳಿಯಲ್ಲೂ ಬೆನ್ನು ಒದ್ದೆಯಾಯಿತು. ಯಾರಿಗೂ ಕಾಣದಂತೆ ಬಾಗಿಲ ಹಿಡಿ ಎಳೆದು ನೋಡಿದ. ಅದು ಸಡಿಲವಾಗಿ ಬಂದು ಸಡಿಲವಾಗಿ ವಾಪಸು ಹೋಯಿತು. ಶಿವನೇ, ಇವರಾಗಿಯೇ ನಿಲ್ಲಿಸುವ ಹಾಗೆ ಮಾಡಪ್ಪ. ಟೈರು ಪಂಕ್ಚರ್ ಆಗಲಿ, ಪೆಟ್ರೋಲು ಮುಗಿಯಲಿ, ನನ್ನ ಬಾಯಲ್ಲಿ ಮಾತ್ರ ಹೇಳಿಸಬೇಡ ಎಂದು ಬೇಡಿಕೊಂಡ. ಬೇಡುತ್ತಲೇ ನಾಚಿಕೆಯಾಯಿತು.

ಮಾಲಿನಿ ಅವನ ಬೆವರು ನೋಡಿ ನೀರಿನ ಬಾಟಲಿ ಚಾಚಿದಳು. “ಟೆನ್ಷನ್ ಮಾಡ್ಕೋಬೇಡಿ ಅಂಕಲ್. ನಮ್ಮಮ್ಮ ಬೈಯೋದು ಜೋರೇ ಹೊರತು ಮನಸ್ಸು ಒಳ್ಳೇದು. ದೀಪಿಕಾನ ಚೆನ್ನಾಗಿ ನೋಡ್ಕೊಳ್ತಾರೆ.”

ಅವನು ಬಾಟಲಿ ತೆಗೆದುಕೊಂಡದ್ದೂ, ಮುಂದೆ ಅಡ್ಡರಸ್ತೆಯಿಂದ ಒಂದು ಟ್ರಾಕ್ಟರು ಹುಲ್ಲಿನ ಹೊರೆ ಹೊತ್ತು ಹೆದ್ದಾರಿಗೆ ನುಗ್ಗಿದ್ದೂ ಒಂದೇ ಕ್ಷಣ. ಚನ್ನವೀರಯ್ಯನವರು ಬ್ರೇಕ್ ತುಳಿದರು. ಚಕ್ರ ಕಿರುಚಿತು. ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನೂ ಜಾರಿ, ಟ್ರೈಲರಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ತಟ್ಟೆಯ ಬಾಳೆಹಣ್ಣುಗಳು ಗಾಜಿಗೆ ಬಡಿದವು. ಮಾಲಿನಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು.

“ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ,” ಎಂದರು ಚನ್ನವೀರಯ್ಯ. “ಅವನಪ್ಪಂದಾ ರೋಡು? ನುಗ್ಗಿಸ್ತಾನೆ ನೋಡು!” ಟ್ರಾಕ್ಟರು ದಾಟಿತು. ಅವರು ಮತ್ತೆ ಗೇರಿಗೆ ಕೈ ಹಾಕಿದರು.

“ಹೊರಡಬೇಡಿ,” ಎಂದ ಬಸವರಾಜ್.

“ಬೀಗ್ರೇ, ಟೈಮಾಯ್ತು...”

“ಬ್ರೇಕಿಲ್ಲ ಮೇಷ್ಟ್ರೇ. ಪ್ಯಾಡು ಮುಗಿದೈತೆ. ಪಕ್ಕಕ್ಕೆ ತಗೊಳ್ಳಿ, ಮೆಲ್ಲಗೆ. ಹ್ಯಾಂಡ್‌ಬ್ರೇಕ್ ಹಾಕಿ.”

“ನಡುದಾರೀಲಿ ಇದೆಂಥ ಮಾತು!” ಎಂದರು ಉಮಾಮಹೇಶ್ವರಿ. “ಈಗ ತಾನೆ ಧೂಳು ಅಂದ್ರಿ?”

“ಸುಳ್ಳು ಹೇಳ್ದೆ ತಾಯೀ.”

“ಲೈಟೇ ಬಂದಿಲ್ವಲ್ಲ!” ಎಂದರು ಚನ್ನವೀರಯ್ಯ.

“ಬರಲ್ಲ. ಅದರ ತಂತಿ ಕತ್ತರಿಸಿ ಹೊಸೆದಿಟ್ಟೋನು ನಾನೇ. ರವೀಶ್ ನಿಮಗೆ ಮಾರೋ ದಿನ, ಮಧ್ಯಾಹ್ನ, ಗುಬ್ಬೀಲಿ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಚನ್ನವೀರಯ್ಯನವರು ಕಾರನ್ನು ಮಣ್ಣಿನ ಅಂಚಿಗೆ ತಂದು ನಿಲ್ಲಿಸಿ ಇಳಿದರು. ಮಗಳ ಬಾಗಿಲು ತೆರೆದು ಅವಳನ್ನು ಇಳಿಸಿಕೊಂಡರು, ಹೆಂಡತಿಯನ್ನು ಇಳಿಸಿಕೊಂಡರು. ಮೂವರೂ ಎದುರಿನ ಹೊಂಗೆ ಮರದ ನೆರಳಿಗೆ ಹೋದರು. ಬಸವರಾಜ್ ಒಳಗೇ ಇದ್ದ. ಮಾಲಿನಿಯ ಬಾಗಿಲು ತೆರೆದೇ ಇತ್ತು. ಆದರೂ ಅವನಿಗೆ ಇಳಿಯಲು ಧೈರ್ಯ ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಮೇಷ್ಟ್ರು ವಾಪಸು ಬಂದು ಅವನ ಕಡೆಯ ಬಾಗಿಲನ್ನು ಹೊರಗಿನಿಂದ ತೆಗೆದರು.

“ಸರಿ ಮಾಡಕ್ಕಾಗುತ್ತಾ?” ಎಂದಷ್ಟೇ ಕೇಳಿದರು. ‘ಬೀಗ್ರೇ’ ಎನ್ನಲಿಲ್ಲ.

ಬಸವರಾಜ್ ತುಮಕೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಯಲ್ಲಯ್ಯನಿಗೆ ಫೋನು ಹಚ್ಚಿದ. ಮುಂದಿನ ಪ್ಯಾಡು ಒಂದು ಸೆಟ್ಟು, ಸೆನ್ಸರು, ಬ್ರೇಕ್ ಬಿಚ್ಚಲು ಏಳು ಎಂಎಂ ಅಲೆನ್ ಕೀ ಬೇಕೆಂದ. “ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಪ್ಪ, ಹೆಬ್ಬೂರು ದಾಟಿದ ಮೇಲೆ ಹೊಂಗೆಮರದ ಸ್ಟಾಪಿನಲ್ಲಿ ನಿಂತಿರ್ತೀನಿ.” ಈ ಸೀಮೆಯ ಗ್ಯಾರೇಜುಗಳಿಗೆ ಸಾಮಾನು ಬರುವುದೇ ಹೀಗೆ.

ಬಸ್ಸು ಬರುವಷ್ಟರಲ್ಲಿ ಅವನು ಚಕ್ರ ಬಿಚ್ಚಿದ್ದ. ಹತ್ತಿರದ ಪಂಕ್ಚರ್ ಅಂಗಡಿಯ ಚಿಕ್ಕಹನುಮಯ್ಯ ದೊಡ್ಡ ಜಾಕು ಮತ್ತು ಸ್ಪ್ಯಾನರ್ ಹೊತ್ತು ತಂದು, ರೇಷ್ಮೆಯಂಚಿನ ಪಂಚೆಯಲ್ಲಿ ಮಣ್ಣಿಗೆ ಕೂತವನನ್ನು ನೋಡಿ ಬೆರಗಾದ. “ಏನ್ ಸ್ವಾಮಿ, ಮದುವೆ ಗಂಡಿನಂಗೆ ಬಂದು ಬ್ರೇಕ್ ಬಿಚ್ತಿದ್ದೀರಾ?” ಯಾರೂ ನಗಲಿಲ್ಲ. ಚಿಕ್ಕಹನುಮಯ್ಯ ಜಾಕು ಇಟ್ಟು ಸುಮ್ಮನೆ ಹೋದ.

ಪಾರ್ಸಲ್ ಬಂತು. ಬಸವರಾಜ್ ಹಳೆಯ ಪ್ಯಾಡುಗಳನ್ನು ಕಿತ್ತು ಚನ್ನವೀರಯ್ಯನವರ ಅಂಗೈ ಮೇಲಿಟ್ಟ. ಒಂದರಲ್ಲಿ ಉಜ್ಜುವ ಭಾಗವೇ ಇರಲಿಲ್ಲ. ಬರೀ ತಗಡು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆಮೇಲೆ ಟೇಪು ಬಿಚ್ಚಿ ಆ ಹೊಸೆದ ತಂತಿಯನ್ನೂ ತೋರಿಸಿದ. ಅದನ್ನು ಕಿತ್ತು ಹಾಕಿ, ಪಿಸ್ಟನ್ನನ್ನು ಹಿಂದಕ್ಕೆ ಒತ್ತಿ, ಹೊಸ ಪ್ಯಾಡು ಕೂರಿಸಿ, ಹೊಸ ಸೆನ್ಸರನ್ನು ಪ್ಯಾಡಿನ ಸಂದಿಗೆ ಒತ್ತಿ, ಅದರ ತಂತಿಯನ್ನು ಕ್ಲಿಪ್ಪಿನಲ್ಲಿ ನೇರವಾಗಿ ಹಾಯಿಸಿದ. ಬಲಗಡೆಯ ಚಕ್ರಕ್ಕೂ ಹೊಸ ಪ್ಯಾಡು ಹಾಕಿದ. ಕೊನೆಗೆ ಒಳಗೆ ಕೂತು, ಪೆಡಲು ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ನೋಡಿದ.

“ಡಿಸ್ಕಿಗೂ ಗೀರು ಬಿದ್ದೈತೆ,” ಎಂದ ತಲೆ ಎತ್ತದೆ. “ಮೆಲ್ಲಗೆ ಮನೆ ಸೇರಬೋದು. ಈ ವಾರದಲ್ಲಿ ಅದನ್ನೂ ಹೊಸದು ಹಾಕಿಸ್ಲೇಬೇಕು. ನನ್ ಹತ್ರ ಬೇಡ ಅಂದ್ರೆ ಬೇರೆ ಎಲ್ಲಾದ್ರೂ ಹಾಕಿಸಿ.”

ಗಂಟೆ ಹನ್ನೊಂದು ದಾಟಿ ಎಷ್ಟೋ ಹೊತ್ತಾಗಿತ್ತು. ಉಮಾಮಹೇಶ್ವರಿಯವರು ಹಣ್ಣಿನ ತಟ್ಟೆಯ ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದರು. ಚನ್ನವೀರಯ್ಯನವರು ಸವೆದ ಪ್ಯಾಡನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

“ಹೀಗೆ ಇನ್ನೆಷ್ಟು ಗಾಡಿಗೆ ಮಾಡಿದ್ದೀರಾ?”

ಅವನು ಈ ಪ್ರಶ್ನೆಯನ್ನು ನೆನೆಸಿಯೇ ಇರಲಿಲ್ಲ. ಆದರೆ ಉತ್ತರ ತಾನೇ ಬಂತು. “ಇನ್ನೂ ಐದು.”

“ಅವ್ರಿಗೆ ಗೊತ್ತಾ?”

“ಇಲ್ಲ.”

“ನಾವು ಸದ್ದಾದ್ರೂ ಕೇಳಿದ್ವಿ, ನೀವು ಪಕ್ಕದಲ್ಲಿದ್ರಿ. ಅವ್ರ ಪಕ್ಕ ಯಾರಿದ್ದಾರೆ?” ಮೇಷ್ಟ್ರು ಮಗಳ ಕಡೆ ನೋಡಿದರು. “ಅವಳ ಹೊಟ್ಟೇಲಿರೋ ಕೂಸನ್ನ ನೆನೆಸ್ಕೊಂಡ್ರೆ ನಾನು ನಿಮ್ಮನ್ನ ಕ್ಷಮಿಸ್ಬಾರ್ದು. ಆದ್ರೆ ನಿಲ್ಸಿ ಅಂದೋರೂ ನೀವೇ. ಆ ಐದೂ ಗಾಡಿ ಹುಡುಕಿ, ಹೊಸ ಪ್ಯಾಡು, ಸೆನ್ಸರ್ ಹಾಕಿ. ಎಲ್ಲಾ ಮುಗಿದ ದಿನ ನನಗೆ ಹೇಳಿ. ಆಮೇಲೆ ಮಠಕ್ಕೆ ಹೋಗೋದು. ಒಂದು ಉಳಿದ್ರೂ ಈ ಮದುವೆ ಮಾತು ಇಲ್ಲಿಗೆ ನಿಲ್ಲತ್ತೆ.”

ಅವರು ಕಾರು ತಿರುಗಿಸಿದರು. ಬನ್ನಿ ಎಂದು ಕರೆಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮಾಲಿನಿ ಮಾತ್ರ ಕಿಟಕಿ ಇಳಿಸಿ, “ಬಸ್ ಸಿಗುತ್ತಾ ಅಂಕಲ್?” ಎಂದಳು.

ಬಸವರಾಜ್ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು, ರವೀಶನಿಂದ ನಂಬರು ಕೇಳಿ ತಿಳಿದು, ಆ ಗಾಡಿ ಕೊಂಡವರಿಗೆ ಫೋನು ಮಾಡಿದ. ಒಬ್ಬರು ಬಾಯಿಗೆ ಬಂದಂತೆ ಬೈದರು. ಇಬ್ಬರು ನಾಳೆಯೇ ತರುತ್ತೇವೆ ಎಂದರು. ನಾಲ್ಕನೆಯ ಕಾರು ಗುಬ್ಬಿಯಲ್ಲೇ, ಅವನ ಬೀದಿಯಿಂದ ಎರಡು ಬೀದಿ ಆಚೆ ನಿಂತಿತ್ತು. ಐದನೆಯದನ್ನು ಕೇಳಿದ್ದಕ್ಕೆ ರವೀಶ್ ನಕ್ಕ. “ಬಿಳಿ ಗಾಡೀನಾ? ಅದು ಕೈಯಿಂದ ಕೈಗೆ ಮೂರು ಸಲ ಹೋಗೈತೆ ಕಣೋ. ಈಗೆಲ್ಲೈತೋ ಶಿವನಿಗೇ ಗೊತ್ತು. ನಿನಗ್ಯಾಕ್ಲಾ ಬೇಕು ಅದು?”

ಕುಣಿಗಲ್ ಕಡೆಯಿಂದ ಕಾರುಗಳು ಬರುತ್ತಲೇ ಇದ್ದವು, ಹೋಗುತ್ತಲೇ ಇದ್ದವು. ಅಷ್ಟರಲ್ಲಿ ದೀಪಿಕಾಳ ಫೋನು ಬಂತು.

“ಅಪ್ಪಾ, ಗುರುಗಳು ಯಾವ ದಿನ ಹೇಳಿದ್ರು?”

ಅವನು ಎಲ್ಲವನ್ನೂ ಹೇಳಿದ. ತಂತಿ, ಧೂಳು ಎಂದ ಸುಳ್ಳು, ಟ್ರಾಕ್ಟರು, ಐದು ಗಾಡಿ, ಪತ್ತೆಯಾಗದ ಆ ಬಿಳಿ ಗಾಡಿ, ಒಂದನ್ನೂ ಬಿಡಲಿಲ್ಲ. ಮಗಳು ಅಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

“ಆ ಬಿಳಿ ಗಾಡಿ ನಂಬರ್ ನೆನಪಿದ್ಯಾ ನಿಂಗೆ?” ಎಂದಳು.

“ಐತೆ ಕಣವ್ವ.”

“ಹೇಳು. ಬರ್ಕೊತೀನಿ.”