ಗಾಳಿ ಎದ್ದ ರಾತ್ರಿ ದೀಪ ಹಿತ್ತಿಲಿಗೆ

ನಮ್ಮ ಕಿಲ್ತಾನ್ ದ್ವೀಪದಲ್ಲಿ ಮದುವೆಯಾದ ಗಂಡಸು ತಾಯಿಯ ಮನೆಯಲ್ಲಿ ಉಂಡು, ರಾತ್ರಿ ಹೆಂಡತಿಯ ಮನೆಗೆ ಬರುತ್ತಾನೆ. ಅದಕ್ಕೇ ಕತ್ತಲಾಗುವ ಮೊದಲು ಹೆಂಗಸರು ಬಾಗಿಲಿಗೆ ಲಾಟೀನು ತೂಗುಹಾಕುತ್ತಾರೆ. ದೀಪವಿಲ್ಲದ ಬಾಗಿಲೆಂದರೆ ‘ಬರಬೇಡ’ ಎಂದು ಹೇಳಿದ ಹಾಗೆ. ಗಂಡ ಓಡ ಎಂಬ ಹಾಯಿದೋಣಿ ಹತ್ತಿ ಮಂಗಳೂರಿಗೆ ಹೋಗಿದ್ದರೆ ಆ ಲಾಟೀನು ಬಾಗಿಲು ಬಿಟ್ಟು ದಂಡೆಯ ತೆಂಗಿನ ಮರಕ್ಕೆ ಏರುತ್ತದೆ. ಗಾಳಿ ಜೋರಾದಷ್ಟೂ ದೀಪಗಳು ಹೆಚ್ಚುತ್ತವೆ. ಯಾರ ದೀಪ ದೊಡ್ಡದೋ ಅವಳ ಪ್ರೀತಿ ದೊಡ್ಡದು ಎಂದು ಲೆಕ್ಕ.

ಪಡುದಂಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ದೀಪ ಸಾರೊಮ್ಮಾಬಿಯದು. ಆದರೆ ಅವಳಿಗೆ ಗಂಡನಿರಲಿಲ್ಲ. ಮಗಳು ರಹ್ಮತ್ ತೊಟ್ಟಿಲಲ್ಲಿದ್ದಾಗಲೇ ಅವಳ ಗಂಡ ಪೂಕುಂಞಿಯ ಓಡ, ಊರಿನ ಎದುರಿಗೇ, ಹವಳದ ಬಂಡೆಸಾಲಿಗೆ ಬಡಿದು ಒಡೆದಿತ್ತು. ಅಂದಿನಿಂದ ಗಾಳಿ ಎದ್ದ ಪ್ರತಿ ರಾತ್ರಿ ಅವಳು ಯಾರ ಗಂಡನಿಗಾದರೂ ಆಗಲಿ ಎಂದು ದೀಪ ಹಚ್ಚುತ್ತಿದ್ದಳು. ಚಿಮಣಿ ಒರೆಸುವುದು, ಬತ್ತಿ ಕತ್ತರಿಸುವುದು, ಎಣ್ಣೆ ತುಂಬುವುದು, ಯಾವುದನ್ನೂ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಅವಳನ್ನು ಕಂಡರೆ ಊರಿಗೆಲ್ಲ ಗೌರವ.

ಈಗ ರಹ್ಮತ್ ಹೊಸ ಮದುವಣಗಿತ್ತಿ. ಅವಳ ಗಂಡ ಹಂಸಕೋಯ ಮಳೆಗಾಲಕ್ಕೆ ಮುಂಚಿನ ಕೊನೆಯ ಅಕ್ಕಿ ತರಲು ಓಡ ನಡೆಸಿಕೊಂಡು ಮಂಗಳೂರಿಗೆ ಹೋಗಿದ್ದ. ಅವನು ಬರಬೇಕಾದ ದಿನವೇ ಮಧ್ಯಾಹ್ನ ತೆಂಕು-ಪಡುವಣ ಗಾಳಿ ಎದ್ದಿತು. ಬಂಡೆಸಾಲಿನುದ್ದಕ್ಕೂ ನೊರೆ ಬೆಳ್ಳಗಾಯಿತು.

ಬಂಡೆಸಾಲಿನಲ್ಲಿ ಒಂದು ಬಾಯಿ ಇದೆ. ಅಳಿವೆ ಎನ್ನುತ್ತೇವೆ. ಓಡ ಒಳಗೆ ಬರುವುದು ಅಲ್ಲಿಂದ ಮಾತ್ರ. ಅದನ್ನು ತೋರಿಸಲು ದಂಡೆಯಲ್ಲಿ ಎರಡು ದೀಪಗಳಿವೆ. ನೋಡಿಕೊಳ್ಳುವವನು ಮುದುಕ ಚೆರಿಯಕೋಯ. ಪೂಕುಂಞಿಯ ಓಡದಲ್ಲಿದ್ದವರಲ್ಲಿ ಬದುಕಿ ಬಂದವನು ಅವನೊಬ್ಬನೇ.

ಆ ಸಂಜೆ ಚೆರಿಯಕೋಯ ಮನೆಮನೆಗೆ ಹೋಗಿ, ಇವತ್ತು ದೀಪ ಮರಕ್ಕೆ ಕಟ್ಟಬೇಡಿ, ಹಿತ್ತಿಲಲ್ಲಿಡಿ ಎಂದು ಕೇಳಿಕೊಂಡ. ಪ್ರತಿ ವರ್ಷವೂ ಹೀಗೆ ಕೇಳುತ್ತಿದ್ದ, ಪ್ರತಿ ವರ್ಷವೂ ನಗೆಪಾಟಲಾಗಿ ಬರುತ್ತಿದ್ದ. ಒಬ್ಬಳು, “ಕಾಕಾ, ನಿಮ್ಮ ಹೆಂಡತಿ ದೀಪ ಆರಿಸಿದ್ದಕ್ಕೇ ಅಲ್ವಾ ನೀವು ದಂಡೆಯಲ್ಲಿ ಮಲಗೋದು?” ಎಂದಳು. ಅವನೂ ನಕ್ಕ. ಆದರೆ ಸಾರೊಮ್ಮಾಬಿಯ ಅಂಗಳಕ್ಕೆ ಬಂದಾಗ ನಗು ಉಳಿದಿರಲಿಲ್ಲ.

ಅವಳು ಚಿಮಣಿ ಒರೆಸುತ್ತಿದ್ದಳು. ಅವನು ಮರಳಿನ ಮೇಲೆ ಕೂತು ಎರಡು ತೆಂಗಿನ ಗೆರಟೆ ಇಟ್ಟ. ಮುಂದಿನದು ತಗ್ಗಿನ ದೀಪ, ಹಿಂದಿನದು ಎತ್ತರದ ದೀಪ. ಕಡಲಿನಿಂದ ನೋಡುವಾಗ ಎರಡೂ ಒಂದರ ಮೇಲೊಂದು ನಿಂತರೆ ಓಡ ಅಳಿವೆಗೆ ನೇರ. ಅಕ್ಕಪಕ್ಕ ಸರಿದರೆ ಬಂಡೆಗೆ ನೇರ. ಆಮೇಲೆ ಮೂರನೆಯ ಗೆರಟೆಯನ್ನು ಸ್ವಲ್ಪ ದೂರದಲ್ಲಿಟ್ಟು, ಇದು ನಿನ್ನ ಮರದ್ದು ಎಂದ.

“ಮನೆ ದೀಪ ಯಾವುದು, ಅಳಿವೆ ದೀಪ ಯಾವುದು ಅಂತ ಗೊತ್ತಾಗದವನು ಓಡ ನಡೆಸ್ತಾನಾ?” ಎಂದಳು ಸಾರೊಮ್ಮಾಬಿ.

“ಹಗಲಲ್ಲಿ ಕೂತು ಮಾತಾಡುವಾಗ ಗೊತ್ತಾಗ್ತದೆ. ಅಲೆ ಎದ್ದಾಗ ಓಡ ಹೊಂಡದಲ್ಲಿರ್ತದೆ. ದೀಪ ಒಮ್ಮೆ ಉಂಟು, ಒಮ್ಮೆ ಇಲ್ಲ. ಮಳೆಯಲ್ಲಿ ಎಲ್ಲ ದೀಪವೂ ಒಂದೇ ಬಣ್ಣ, ತಂಗಿ.”

ಅವಳು ಬಟ್ಟೆ ಕೆಳಗಿಟ್ಟಳು. “ಆ ರಾತ್ರಿ ನನ್ನ ದೀಪ ಆರಿತ್ತು ಕಾಕಾ. ಯಾರಿಗೂ ಹೇಳ್ಲಿಲ್ಲ. ಮಗು ಅಳ್ತಿತ್ತು, ಒಳಗೆ ಹೋಗಿದ್ದೆ. ಹೊರಗೆ ಬಂದ್ರೆ ಕತ್ತಲೆ. ಬೆಂಕಿಪೊಟ್ಟಣ ಒದ್ದೆಯಾಗಿತ್ತು. ಮತ್ತೆ ಹೊತ್ತಿಸುವಾಗ ತಡ ಆಗಿತ್ತು. ಅವರನ್ನು ನಾನೇ ಕತ್ತಲಲ್ಲಿ ಬಿಟ್ಟದ್ದು. ಈಗ ಅಳಿಯನಿಗೂ ಹಾಗೇ ಮಾಡು ಅಂತೀರಾ?”

ಚೆರಿಯಕೋಯ ಮೂರನೆಯ ಗೆರಟೆಯನ್ನು ಕೈಗೆತ್ತಿಕೊಂಡ. ಇಷ್ಟು ವರ್ಷ ಅವನು ಊರಿಗೆ ಹೇಳಿದ್ದು ಒಂದೇ: ಗಾಳಿಗೆ ಹಾಯಿಕಂಬ ಮುರಿಯಿತು, ಓಡ ಕೈತಪ್ಪಿತು. ನಿಜ ಹೇಳಿದರೆ ಈ ಹೆಂಗಸು ಬದುಕುವುದಿಲ್ಲ ಎಂದು ಅವನಿಗೆ ಭಯವಿತ್ತು. ಅವಳು ಇನ್ನೊಂದು ಸುಳ್ಳನ್ನು ತಾನೇ ಕಟ್ಟಿಕೊಂಡು ಒಳಗೊಳಗೇ ಬೇಯುತ್ತಿದ್ದಾಳೆಂದು ಅವನಿಗೆ ಹೊಳೆದೇ ಇರಲಿಲ್ಲ.

“ಕಂಬ ಮುರಿದದ್ದು ಬಂಡೆಗೆ ಬಡಿದ ಮೇಲೆ, ಸಾರೊಮ್ಮಾ,” ಎಂದ. “ಮೊದಲು ನಮಗೆ ಕಂಡದ್ದು ತಗ್ಗಿನ ದೀಪ, ಅದರ ಹಿಂದೆ ಎತ್ತರದಲ್ಲಿ ಒಂದು. ಪೂಕುಂಞಿ ಅವೆರಡನ್ನೂ ಜೋಡಿಸಿ ಚುಕ್ಕಾಣಿ ಹಿಡಿದ. ನಡುವೆ ಎತ್ತರದ್ದು ಆರಿತು. ಆರಿದ ಮೇಲೆ ಬೇರೆ ಕಡೆ ಇನ್ನೊಂದು ಕಾಣಿಸ್ತು. ಅದು ಸರಿಯಾದದ್ದು. ತಿರುಗಿಸಿದ. ಅಳಿವೆಗೆ ನೇರ ಬಂದಿದ್ದೆವು.”

“ಆಮೇಲೆ?”

ಅವನು ಲಾಟೀನಿನ ಕಡೆ ನೋಡಿದ.

“ಆಮೇಲೆ ಆ ಮೊದಲನೆಯದು ಮತ್ತೆ ಹೊತ್ತಿತು. ‘ಇದೇ ಮಾರಾಯ, ಸಿಕ್ಕಿತು’ ಅಂತ ಓಡವನ್ನು ಆ ಕಡೆಗೇ ತಿರುಗಿಸಿದ. ಬೆಳಗಿನವರೆಗೆ ನಾನು ಬಂಡೆ ಹಿಡ್ಕೊಂಡಿದ್ದೆ. ಮಳೆ ನಿಂತಾಗ ಮೂರು ದೀಪವೂ ಬೇರೆಬೇರೆ ಕಂಡವು. ಆಗಲೇ ನನಗೂ ಗೊತ್ತಾದದ್ದು. ಅದು ನಿನ್ನದು ಅಂತ ಅವನಿಗೆ ಕೊನೆಗೂ ಗೊತ್ತಾಗ್ಲಿಲ್ಲ.”

ಬಾಗಿಲಲ್ಲಿ ರಹ್ಮತ್ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮದುವೆಗೆಂದು ತಂದ ಹೊಸ ಲಾಟೀನು ಅವಳ ಕೈಯಲ್ಲಿತ್ತು.

ಸಾರೊಮ್ಮಾಬಿ ಅಳಲಿಲ್ಲ. “ಅವತ್ತೇ ಹೇಳಬಾರದಿತ್ತಾ ಕಾಕಾ?” ಎಂದಳು.

“ನೀನು ತಡ್ಕೊಳ್ಳೋದಿಲ್ಲ ಅಂದ್ಕೊಂಡೆ.”

“ತಡ್ಕೊಳ್ತಿರ್ಲಿಲ್ಲ. ಆದ್ರೆ ಮರುವರ್ಷವೇ ದೀಪ ಮರದಿಂದ ಇಳೀತಿತ್ತು.”

ಆಮೇಲಿನ ವರ್ಷಗಳಲ್ಲಿ ಅದೇ ಬಂಡೆಗೆ ಒಂದು ಓಡ ಉಜ್ಜಿ ಅಕ್ಕಿಯೆಲ್ಲ ನೀರುಪಾಲಾಗಿತ್ತು. ಇನ್ನೊಂದರಲ್ಲಿ ಒಬ್ಬನ ಕಾಲು ಹೋಗಿತ್ತು. ಊರು ನೀರಿನ ಸೆಳೆತವನ್ನು ಬೈದು ಸುಮ್ಮನಾಗಿತ್ತು.

ಸಾರೊಮ್ಮಾಬಿ ಎದ್ದು ತನ್ನ ಲಾಟೀನನ್ನು ಹಿತ್ತಿಲ ಬಾವಿಯ ಪಕ್ಕ, ಗೋಡೆಯ ಮರೆಯಲ್ಲಿಟ್ಟಳು. ರಹ್ಮತ್‌ಗೆ ಇನ್ನೂ ಧೈರ್ಯವಿರಲಿಲ್ಲ. ಮದುವೆಯಾದ ಮೊದಲ ವರ್ಷವೇ ದಂಡೆಯ ಮರದಲ್ಲಿ ದೀಪ ಕಾಣದಿದ್ದರೆ ಗಂಡ ಏನಂದುಕೊಳ್ಳುತ್ತಾನೆ ಎಂದು ಕೇಳಿದಳು. “ಅಂದುಕೊಳ್ಳೋದಕ್ಕೆ ಜೀವ ಇರಬೇಕಲ್ಲ ಮಗಳೇ,” ಎಂದಳು ತಾಯಿ. ಹೊಸ ಲಾಟೀನೂ ಹಿತ್ತಿಲಿಗೆ ಹೋಯಿತು.

ಆಮೇಲೆ ಸಾರೊಮ್ಮಾಬಿ ಚೆರಿಯಕೋಯನ ಜೊತೆ ಮನೆಮನೆಗೆ ಹೋದಳು. ಗೆರಟೆಗಳ ವಿಷಯ ಎತ್ತಲಿಲ್ಲ. “ನನ್ನದು ಹಿಂದೆ ಇಟ್ಟು ಬಂದೆ” ಎಂದಷ್ಟೇ ಹೇಳಿದಳು. ಎಲ್ಲಕ್ಕಿಂತ ದೊಡ್ಡ ದೀಪವೇ ಇಳಿದ ಮೇಲೆ ಉಳಿದವರು ವಾದಿಸಲಿಲ್ಲ. ಒಬ್ಬೊಬ್ಬರಾಗಿ ಮರಗಳಿಂದ ಲಾಟೀನು ಇಳಿಸಿದರು. ಆ ರಾತ್ರಿ ಪಡುದಂಡೆ ಮೊದಲ ಸಲ ಕತ್ತಲಾಯಿತು. ಉಳಿದದ್ದು ಅಳಿವೆಯ ಎರಡು ದೀಪ ಮಾತ್ರ. ಹೆಂಗಸರು ಹಿತ್ತಿಲುಗಳಲ್ಲಿ ಕೂತಿದ್ದರು. ಕಡಲ ಸದ್ದು ಕೇಳುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಹಾಗೆ ಕೂರುವುದು ಸುಲಭವಾಗಿರಲಿಲ್ಲ.

ಬೆಳಕು ಹರಿದು ಗಾಳಿ ತಗ್ಗಿದ ಮೇಲೆ ಹಂಸಕೋಯನ ಓಡ ಅಳಿವೆಯಲ್ಲಿ ಹಾದುಬಂತು. ರಾತ್ರಿಯೇ ತಲುಪಿದ್ದನಂತೆ. ಎರಡೇ ದೀಪ ಇದ್ದದ್ದರಿಂದ ಅಳಿವೆ ಎಲ್ಲಿದೆಯೆಂದು ಸರಿಯಾಗಿ ಗೊತ್ತಾಯಿತು. ಅಲ್ಲೇ ಅಲೆ ಒಡೆಯುತ್ತಿರುವುದೂ ಗೊತ್ತಾಯಿತು. ಇಂಥ ನೀರಿನಲ್ಲಿ ಒಳಗೆ ನುಗ್ಗುವುದು ಬೇಡವೆಂದು ದ್ವೀಪವನ್ನು ಸುತ್ತಿ ಗಾಳಿ ತಾಗದ ಮೂಡಣ ಬದಿಯ ಮರೆಗೆ ಹೋಗಿ, ಹಾಯಿ ಇಳಿಸಿ, ಬೆಳಗಾಗುವುದನ್ನು ಕಾದಿದ್ದ.

ರಹ್ಮತ್‌ಳನ್ನು ಕಂಡು, “ಮರದಲ್ಲಿ ನಿನ್ನ ದೀಪ ಇರ್ಲಿಲ್ಲ. ಬೇರೆ ಗಂಡನನ್ನು ನೋಡ್ಕೊಂಡೆಯೋ ಅಂತ ನಿದ್ದೆಯೇ ಬರ್ಲಿಲ್ಲ,” ಎಂದ.

“ಹಿತ್ತಿಲಲ್ಲಿತ್ತು. ನಿಮಗೆ ಹಿತ್ತಿಲ ದಾರಿ ಗೊತ್ತಿಲ್ವಾ?” ಎಂದಳು ಅವಳು.

ದಂಡೆಯಲ್ಲಿದ್ದವರೆಲ್ಲ ನಕ್ಕರು. ಸಾರೊಮ್ಮಾಬಿ ಮನೆಯ ಹಿಂದೆ ಬಾವಿಯ ಪಕ್ಕ ಕೂತೇ ಇದ್ದಳು. ಹಗಲಾದರೂ ಲಾಟೀನು ಉರಿಯುತ್ತಿತ್ತು. ಚೆರಿಯಕೋಯ ಬಂದು ಸುದ್ದಿ ಹೇಳಿದಾಗ ಬತ್ತಿ ತಗ್ಗಿಸಿದಳು.

“ಮನೆ ಮುಂದಿಂದ ಹಿಂದಕ್ಕೆ,” ಎಂದಳು. “ಅಷ್ಟೇ ಬೇಕಿತ್ತಲ್ಲ ಕಾಕಾ.”

ದಂಡೆಯ ಮನೆಗಳ ಅಕ್ಕಂದಿರೇ, ತಾಯಂದಿರೇ, ದೀಪ ಆರಿಸಿ ಎಂದು ಈ ಕಥೆ ಹೇಳುವ ನಾವು ಕೇಳುತ್ತಿಲ್ಲ. ಸಾರೊಮ್ಮಾಬಿಯೂ ಆರಿಸಲಿಲ್ಲ. ಕಡಲಿಗೆ ಕಾಣದ ಹಾಗೆ ಇಡಿ ಎಂದಷ್ಟೇ ನಮ್ಮ ಕೋರಿಕೆ. ಓಡ ನಡೆಸುವ ಅಣ್ಣಂದಿರೇ, ಅಳಿವೆಯಲ್ಲಿ ಅಲೆ ಒಡೆಯುತ್ತಿದ್ದರೆ ಮನೆ ಎಷ್ಟೇ ಹತ್ತಿರವಿರಲಿ, ಹೊರಗೆ ಮರೆ ಹುಡುಕಿ ಬೆಳಗಿಗೆ ಕಾಯಿರಿ. ಒಂದು ಓಡ ಯಾಕೆ ಒಡೆಯಿತೆಂದು ನಿಮಗೆ ಗೊತ್ತಿದ್ದರೆ, ಯಾರ ಮನಸ್ಸು ನೋಯುತ್ತದೋ ಎಂದು ಮುಚ್ಚಿಡಬೇಡಿ. ಹೇಳುವುದು ಕಷ್ಟ, ನಮಗೂ ಗೊತ್ತು. ಆದರೂ ಹೇಳಿ. ಮುಂದಿನ ಓಡ ಅದೇ ದಾರಿಯಲ್ಲಿ ಬರುತ್ತಿರುತ್ತದೆ.

ಇದನ್ನು ಓದುವಾಗ ಹೊರಗೆ ಗಾಳಿ ಎದ್ದಿದ್ದರೆ, ದಯವಿಟ್ಟು ಈಗಲೇ ಎದ್ದುಹೋಗಿ ನೋಡಿ. ನಿಮ್ಮ ದೀಪ ಯಾವ ಕಡೆಗಿದೆ?